ಕಾಲೇಜಿಗೆ ಭಾಷಣಕಾರರನ್ನು ಕರೆಸುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಕಳೆದ ವರ್ಷದ ಕಾರ್ಯಕ್ರಮಕ್ಕೆ ಐದರಲ್ಲಿ ಎರಡು ಸ್ಟಾರ್, ಈ ವರ್ಷದ್ದಕ್ಕೆ ಐದಕ್ಕೆ ಐದು.

ನಾನು ಸಾಗರದ ಕಡೆ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವೈವಿಧ್ಯ, ನಾಯಕತ್ವ ಅಂತ ಮಕ್ಕಳಿಗೆ ಮಾತಾಡುವವರನ್ನು ಕಳಿಸಿಕೊಡುವ ಬೆಂಗಳೂರಿನ ಸಂಸ್ಥೆಯೊಂದರಿಂದ ಹೋದ ವರ್ಷ ಒಬ್ಬರನ್ನು ಕರೆಸಿದ್ದೆವು. ಒಳ್ಳೆಯ ಮಾತುಗಾರರು. ಆದರೆ ಮುಕ್ಕಾಲು ಪಾಲು ಇಂಗ್ಲಿಷು, ಉದಾಹರಣೆಗಳೆಲ್ಲ ಅಮೆರಿಕದಲ್ಲಿ ಕಂಪನಿ ಕಟ್ಟಿದವರದ್ದು. ಮಕ್ಕಳು ಚಪ್ಪಾಳೆ ಹೊಡೆದರು, ಸೆಲ್ಫಿ ತೆಗೆದುಕೊಂಡರು. ಪ್ರಶ್ನೆ ಇದೆಯಾ ಅಂದಾಗ ಒಂದು ಕೈಯೂ ಏಳಲಿಲ್ಲ. ಖರ್ಚು ಮಾತ್ರ ನಮ್ಮಂಥ ಕಾಲೇಜಿಗೆ ಜಾಸ್ತಿಯೇ ಆಯಿತು.

ಈ ಸಲ ಬಂದವರು ಶಿವಮೊಗ್ಗದವರೇ. ಬ್ಯಾಂಕಿನಲ್ಲಿ ಕೆಲಸ, ವ್ಹೀಲ್‌ಚೇರ್ ಬಳಸುತ್ತಾರೆ, ರಜೆ ಸಿಕ್ಕಾಗ ಹೈಸ್ಕೂಲು, ಕಾಲೇಜುಗಳಿಗೆ ಹೋಗಿ ಮಾತಾಡುತ್ತಾರೆ. ನಮ್ಮ ವೇದಿಕೆಗೆ ಬರೀ ಮೆಟ್ಟಿಲು, ರ್‍ಯಾಂಪ್ ಇಲ್ಲ. ಅವರು ಕೆಳಗೇ, ಮಕ್ಕಳ ಮೊದಲ ಸಾಲಿನ ಎದುರಿಗೇ ಉಳಿದರು, ಮಾತನ್ನೂ ಅಲ್ಲಿಂದಲೇ ಶುರುಮಾಡಿದರು. ಶಾಲೆ ಕಾಲೇಜಿನ ಕಟ್ಟಡ ಎಲ್ಲರೂ ಓಡಾಡುವ ಹಾಗಿರಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ, ಗೊತ್ತಾ ಅಂತ ಕೇಳಿದರು. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಈಗ 21 ಇದೆ. ಅದರಲ್ಲಿ ಕಲಿಕೆಯ ತೊಂದರೆಯೂ ಸೇರಿದೆ ಅಂದಾಗ, ಮಕ್ಕಳಿಗಿಂತ ಹೆಚ್ಚಾಗಿ ಹಿಂದೆ ಕೂತಿದ್ದ ನಾವು ಮೇಷ್ಟ್ರುಗಳು ಕಿವಿ ಕೊಟ್ಟೆವು.

ಹೆಸರು ಹೇಳುವಾಗಲೂ ದೂರ ಹೋಗಲಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಗಿರೀಶ, ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ತೃತೀಯಲಿಂಗಿ ಮಂಜಮ್ಮ ಜೋಗತಿ. ಆಮೇಲೆ ನಮ್ಮದೇ ತಾಲ್ಲೂಕಿನ ಕಾಗೋಡು. 1951ರಲ್ಲಿ ಗೇಣಿ ರೈತರು ಅಲ್ಲಿ ಸತ್ಯಾಗ್ರಹಕ್ಕೆ ಇಳಿದದ್ದು, ಅವರನ್ನು ಒಟ್ಟು ಮಾಡಿದ ಗಣಪತಿಯಪ್ಪ, ಭತ್ತ ಅಳೆಯುವ ಕೊಳಗದ ವಿಚಾರಕ್ಕೆ ಎದ್ದ ಜಗಳ, ಇದೆಲ್ಲ ಹೇಳಿದರು. ಮನೆಯಲ್ಲಿ ಅಜ್ಜನ ಬಾಯಲ್ಲಿ ಇದನ್ನು ಕೇಳಿದ್ದ ಮಕ್ಕಳು ಅಲ್ಲಿದ್ದರು. ನಾಯಕ ಅಂದರೆ ಟಿವಿಯಲ್ಲಿ ಬರುವವನಷ್ಟೇ ಅಲ್ಲ ಅನ್ನುವುದು ಅವರಿಗೆ ಬೇರೆ ಹೇಳಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚೀಟಿಯ ವಿಚಾರ. ಎದ್ದು ನಿಂತು ಕೇಳಲು ನಮ್ಮ ಕಡೆಯ ಮಕ್ಕಳಿಗೆ ಸಂಕೋಚ, ಅದು ಅವರಿಗೆ ಗೊತ್ತು. ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಿ ಅಂದರು. ಡಬ್ಬಿ ತುಂಬಿತು. ಒಂದು ಚೀಟಿ ಹೀಗಿತ್ತು: ‘ಮನೇಲಿ ಲಂಬಾಣಿ ಮಾತಾಡ್ತೀವಿ ಮೇಡಂ, ಕ್ಲಾಸಲ್ಲಿ ಕನ್ನಡ ತಪ್ಪಾದ್ರೆ ನಗ್ತಾರೆ, ಏನ್ ಮಾಡ್ಲಿ?’ ಮೇಡಂ ಉಪದೇಶ ಮಾಡಲಿಲ್ಲ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುವವರು ಕೈ ಎತ್ತಿ ಅಂದರು. ಉರ್ದು, ತಮಿಳು, ಕೊಂಕಣಿ, ತುಳು, ಮಲಯಾಳಂ, ತೆಲುಗು ಅಂತ ಒಬ್ಬೊಬ್ಬರೇ ಹೇಳುತ್ತಾ ಹೋದರು, ಅರ್ಧ ಹಾಲ್ ಕೈ ಎತ್ತಿತ್ತು, ವರ್ಷವಿಡೀ ಒಂದೇ ಬೆಂಚಲ್ಲಿ ಕೂತವರಿಗೂ ಪಕ್ಕದವರ ಮನೆಮಾತು ಯಾವುದು ಅಂತ ಗೊತ್ತಿರಲಿಲ್ಲ. ಆಮೇಲೆ ನಗುವವರಿಗೇ ಕೇಳಿದರು, ನಿಮಗೆ ಅವರ ಮಾತಿನಲ್ಲಿ ಒಂದು ವಾಕ್ಯ ಬರುತ್ತಾ? ಯಾರಿಗೂ ಬರಲಿಲ್ಲ.

ಇನ್ನೊಂದು ಚೀಟಿ ಹುಡುಗಿಯದ್ದೇ ಇರಬೇಕು. ಕ್ಲಾಸ್ ಲೀಡರ್ ಯಾವಾಗಲೂ ಹುಡುಗ, ನಮಗೆ ರಂಗೋಲಿ ಮತ್ತು ಪ್ರಾರ್ಥನೆ, ಯಾಕೆ ಅಂತ. ಉತ್ತರ ಪ್ರಿನ್ಸಿಪಾಲರೇ ಕೊಡಲಿ ಅಂತ ಮೈಕನ್ನು ಅವರ ಕೈಗೆ ಕೊಟ್ಟುಬಿಟ್ಟರು. ಮುಂದಿನ ಸಲದಿಂದ ಚುನಾವಣೆ ಮಾಡುತ್ತೇವೆ ಅಂತ ಪ್ರಿನ್ಸಿಪಾಲರು ಎಲ್ಲರೆದುರು ಒಪ್ಪಿದರು, ನನಗೆ ನಿಜಕ್ಕೂ ಖುಷಿಯಾಯಿತು.

ಕೊರತೆ ಇರಲಿಲ್ಲವಾ ಅಂದರೆ ಇತ್ತು, ಅದು ನಮ್ಮ ಕಡೆಯದ್ದು. ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ಗಣ್ಯರ ನಾಲ್ಕು ಮಾತು ಅಂತ ಎಷ್ಟೋ ಹೊತ್ತು ಹೋಯಿತು, ಕೊನೆಗೆ ಡಬ್ಬಿಯಲ್ಲಿ ಚೀಟಿಗಳು ಉಳಿದೇಹೋದವು. ನೀವು ಇಂಥವರನ್ನು ಕರೆಸುವುದಾದರೆ ಬೆಳಗ್ಗೆಯೇ ಇಟ್ಟುಕೊಳ್ಳಿ. ಮಧ್ಯಾಹ್ನ ಇಟ್ಟರೆ ಹಳ್ಳಿ ಬಸ್ಸಿಗೆ ಹೋಗುವ ಮಕ್ಕಳು ಅರ್ಧಕ್ಕೇ ಎದ್ದು ಹೋಗಬೇಕಾಗುತ್ತದೆ. ಶೀಟಿನ ಮಾಡಿನ ಹಾಲ್ ಆದರೆ ಜುಲೈ, ಆಗಸ್ಟ್ ಬೇಡವೇ ಬೇಡ, ಮಳೆ ಸದ್ದಿಗೆ ಮೈಕೂ ಕೇಳುವುದಿಲ್ಲ. ಅವರು ಕೇಳಿದ್ದು ಓಡಾಟದ ಖರ್ಚು ಮಾತ್ರ. ಉಳಿದ ದುಡ್ಡಲ್ಲಿ ವೇದಿಕೆಗೊಂದು ರ್‍ಯಾಂಪ್ ಮಾಡಿಸಿ ಅಂತ ನಾನು ಬರೆದುಕೊಟ್ಟಿದ್ದೇನೆ.