ಬೆಳಿಗ್ಗೆ ಅಳೆಯುವ ಕಾಲುಚೀಲ, ಸಂಜೆ ಅಳೆಯುವ ಚಪ್ಪಲಿ

ಎರಡು ವರ್ಷಗಳ ಹಿಂದೆ ಮಗಳ ಮನೆಗೆಂದು ಫ್ರಾಂಕ್‌ಫರ್ಟ್‌ಗೆ ಹೋದಾಗ, ವಿಮಾನ ಇಳಿಯುವ ಹೊತ್ತಿಗೆ ನನ್ನ ಬೂಟು ಕಾಲಿಗೇರಲಿಲ್ಲ. ಹಿಮ್ಮಡಿಯ ಭಾಗವನ್ನು ಮಡಚಿ ತುಳಿದುಕೊಂಡು, ಕಾಲೆಳೆಯುತ್ತ ಹೊರಬಂದೆ. ಆ ಪ್ರಯಾಣದಲ್ಲಿಯೂ ನಾನು, ಕಾಲು ಊದದಂತೆ ಒತ್ತಿ ಹಿಡಿಯುವ ಒತ್ತಡದ ಕಾಲುಚೀಲವನ್ನೇ ಧರಿಸಿದ್ದೆ ಎಂಬುದು ಇಲ್ಲಿ ಮುಖ್ಯ. ಅಂತರಜಾಲದಲ್ಲಿ ಬೂಟಿನ ನಂಬರನ್ನಷ್ಟೇ ಕೇಳಿ ಕಳುಹಿಸಿದ್ದ ಆ ಚೀಲ ಪಾದದ ಗಂಟಿನಲ್ಲಿ ಸಡಿಲವಾಗಿತ್ತು. ಮೇಲಿನ ಅಂಚು ಸುರುಳಿ ಸುತ್ತಿಕೊಂಡು ಮೊಣಕಾಲಿನ ಕೆಳಗೆ ಹಗ್ಗ ಬಿಗಿದಂತೆ ಕೂತಿತ್ತು. ಬಿಗಿಯಿರಬೇಕಾದ ಕಡೆ ಬಿಗಿಯಿಲ್ಲದೆ, ಇರಬಾರದ ಕಡೆ ಬಿಗಿಯಿದ್ದರೆ ಕಾಲು ಊದದೆ ಇನ್ನೇನಾದೀತು?

ಈ ಸಲ ಮತ್ತೆ ಹೊರಡುವ ಮೊದಲು ಮೈಸೂರಿನ ಧನ್ವಂತರಿ ರಸ್ತೆಯ ಒಂದು ಸರ್ಜಿಕಲ್ ಅಂಗಡಿಗೆ ಹೋದೆ. ಆ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಟೇಪು ಹಿಡಿದು ಕಾಲು ಅಳೆದು ಕೊಡುವ ಯಾವ ಅಂಗಡಿಯಾದರೂ ಆದೀತು, ಅಳೆಯದೆ ಕೊಡುವ ಅಂಗಡಿ ಎಷ್ಟೇ ದೊಡ್ಡದಾದರೂ ಬೇಡ ಎಂಬುದೇ ನನ್ನ ಅಭಿಪ್ರಾಯ. ನಾನು ಹೋದದ್ದು ಸಂಜೆ ಐದಕ್ಕೆ. ಅಂಗಡಿಯ ಯಜಮಾನರು ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿಯನ್ನು ನೋಡಿ, "ನಾಳೆ ಬೆಳಿಗ್ಗೆ ಬನ್ನಿ ಮೇಷ್ಟ್ರೇ, ಈಗ ಅಳೆದ್ರೆ ಊತಾನೂ ಸೇರ್ಸಿ ಅಳೆದಂಗಾಗುತ್ತೆ" ಎಂದು ಹಿಂದಕ್ಕೆ ಕಳುಹಿಸಿದರು. ಕೈಗೆ ಬಂದ ಗಿರಾಕಿಯನ್ನು ಹಾಗೆ ಕಳುಹಿಸುವವರು ಈಗ ಕಡಿಮೆ.

ಮರುದಿನ ಅವರು ತೆಗೆದುಕೊಂಡ ಅಳತೆಗಳು ಮೂರು: ಪಾದದ ಗಂಟಿನ ಮೇಲೆ ಕಾಲು ಅತಿ ಸಣ್ಣಗಿರುವಲ್ಲಿನ ಸುತ್ತಳತೆ, ಮೀನಖಂಡ ಅತಿ ದಪ್ಪವಾಗಿರುವಲ್ಲಿನ ಸುತ್ತಳತೆ, ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಉದ್ದ. ನನ್ನ ಎಡಗಾಲು ಬಲಗಾಲಿಗಿಂತ ಒಂದು ಸೆಂಟಿಮೀಟರ್ ದಪ್ಪವಿದೆ ಎಂಬುದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗಳಿಗೆ ಹಾಕುವ ಬಿಳಿಯ ಚೀಲ ಬೇರೆ, ಎದ್ದು ಓಡಾಡುವವರ ಚೀಲ ಬೇರೆ ಎಂದು ಅವರು ಎರಡನ್ನೂ ಮೇಜಿನ ಮೇಲಿಟ್ಟು ತೋರಿಸಿದರು. ನನಗೆ ಕೊಟ್ಟದ್ದು ಮೊಣಕಾಲಿನ ಕೆಳಗಿನವರೆಗೆ ಬರುವ, ಪಾದದ ಗಂಟಿನಲ್ಲಿ ಪಾದರಸದ 15ರಿಂದ 20 ಮಿಲಿಮೀಟರ್ ಒತ್ತಡವಿದ್ದು ಮೇಲಕ್ಕೆ ಹೋದಂತೆ ಕಡಿಮೆಯಾಗುವ ಜೊತೆ. ಬೆಲೆ 1,450 ರೂಪಾಯಿ. ಬೆರಳುಗಳ ತುದಿ ತೆರೆದಿರುವ ಮಾದರಿಯನ್ನು ನಾನೇ ಆರಿಸಿಕೊಂಡೆ, ಏಕೆಂದರೆ ವಯಸ್ಸಾದಂತೆ ದಪ್ಪಗಾದ ಉಗುರುಗಳು ಮುಚ್ಚಿದ ಚೀಲದೊಳಗೆ ಒತ್ತುತ್ತವೆ; ಅಲ್ಲದೆ ಬೆರಳುಗಳ ಬಣ್ಣ ಬದಲಾದರೆ ಕಣ್ಣಿಗೆ ಬೀಳುತ್ತದೆ.

ಈ ಒತ್ತಡದ ಲೆಕ್ಕ ಏಕೆಂಬುದನ್ನು ಸ್ವಲ್ಪ ಹೇಳಬೇಕು. ನಡೆಯುವಾಗ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಆ ಕೆಲಸ ನಿಂತು, ನೀರಿನಂಶ ಸೋರಿ ಪಾದದಲ್ಲಿ ಸೇರಿಕೊಳ್ಳುತ್ತದೆ. ಊತ ತಾನಾಗಿ ಇಳಿಯುತ್ತದೆ, ಆದರೆ ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೂತು ಪ್ರಯಾಣಿಸಿದರೆ ಆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಹಾಗಾದರೂ ಅದು ಆರು ಸಾವಿರ ಜನರಲ್ಲಿ ಒಬ್ಬರಿಗೆ ಬರುವಷ್ಟು. ಹೆದರುವ ಸಂಖ್ಯೆ ಇದಲ್ಲ. ಆದರೆ ಆ ವರದಿ ವಿಮಾನವನ್ನು ಮಾತ್ರವಲ್ಲ, ಬಸ್ಸು, ರೈಲು, ಕಾರುಗಳನ್ನೂ ಸೇರಿಸಿಕೊಂಡಿದೆ ಎಂಬುದನ್ನು ಮೈಸೂರಿನವರು ಗಮನಿಸಬೇಕು. ನಮ್ಮ ಪ್ರಯಾಣ ವಿಮಾನದ ಬಾಗಿಲಲ್ಲಿ ಶುರುವಾಗುವುದಿಲ್ಲ. ಇಲ್ಲಿಂದ ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ, ನಿಲ್ದಾಣದ ಕುರ್ಚಿಯಲ್ಲಿ ಮೂರು ಗಂಟೆ, ಅದಾದ ಮೇಲೆ ವಿಮಾನದಲ್ಲಿ ಒಂಬತ್ತೂವರೆ ಗಂಟೆ. ಆದ್ದರಿಂದ ಚೀಲವನ್ನು ಮನೆಯಲ್ಲಿಯೇ ಧರಿಸಿ ಹೊರಟೆ. ಹೊರಡುವುದು ಸಂಜೆಯಾದ್ದರಿಂದ, ಯಜಮಾನರು ಹೇಳಿಕೊಟ್ಟಂತೆ, ಮೊದಲು ಅರ್ಧ ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿ, ಊತ ಇಳಿದ ಮೇಲೆ ಹಾಕಿಕೊಂಡೆ.

ಹಾಕಿಕೊಳ್ಳುವುದೇ ಇದರ ದೊಡ್ಡ ತೊಂದರೆ. ಮೊದಲ ಸಲ ಎರಡು ಕಾಲಿಗೂ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು, ಬೆವರೂ ಬಂತು. ಹಿಮ್ಮಡಿಯವರೆಗೆ ಚೀಲವನ್ನು ಒಳಹೊರಗು ಮಾಡಿಕೊಂಡು, ಪಾದ ಸೇರಿಸಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಮೇಲೇರಿಸಬೇಕು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ ಮತ್ತು ಉಗುರು ತಾಗಿ ದಾರ ಕೀಳುವುದಿಲ್ಲ. ಬಗ್ಗಲಾಗದವರು ಮನೆಯಲ್ಲಿ ಒಬ್ಬರ ಸಹಾಯವಿಲ್ಲದೆ ಇದನ್ನು ಕೊಳ್ಳಬಾರದು. ಫಲವಂತೂ ಸ್ಪಷ್ಟವಾಗಿತ್ತು: ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಚಪ್ಪಲಿಯ ಪಟ್ಟಿ ಹೊರಟಾಗ ಅಂಟಿಸಿದ್ದ ಜಾಗದಲ್ಲಿಯೇ ಇತ್ತು, ಎಡಗಾಲಿನ ಗಂಟಿನ ಬಳಿ ಮಾತ್ರ ಸ್ವಲ್ಪ ಊತ ಕಾಣಿಸಿತು. ಗಂಟೆಗೊಮ್ಮೆ ಎದ್ದು ಓಡಾಡಿದ್ದಕ್ಕೂ ಇದರಲ್ಲಿ ಪಾಲಿದೆ. ಚೀಲಕ್ಕೆ ಎಷ್ಟು, ನಡಿಗೆಗೆ ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಆದರೆ ಆ ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಮಾರಿದ ವಸ್ತುವಿನಿಂದಲ್ಲ, ಮಾರದೆ ಹೋದದ್ದರಿಂದ. ನಮ್ಮ ಮನೆಯವರಿಗೂ ಒಂದು ಜೊತೆ ಕೊಡಿ ಎಂದಾಗ, ಸಕ್ಕರೆ ಕಾಯಿಲೆ ಇದೆಯೇ, ನಡೆಯುವಾಗ ಮೀನಖಂಡ ಹಿಡಿದು ನಿಲ್ಲಬೇಕಾಗುತ್ತದೆಯೇ ಎಂದು ಕೇಳಿದರು. ಎರಡಕ್ಕೂ ಹೌದು ಎಂದೆ. "ಮೊದಲು ಅಮ್ಮನವರ ಕಾಲನ್ನ ಡಾಕ್ಟರಿಗೆ ತೋರ್ಸಿ, ಅವರು ಬರೆದುಕೊಟ್ರೆ ಕೊಡ್ತೀನಿ" ಎಂದು ಪೆಟ್ಟಿಗೆಯನ್ನು ಒಳಗಿಟ್ಟರು. ವೈದ್ಯರು ಪಾದದ ನಾಡಿ ಮುಟ್ಟಿ ನೋಡಿ, ಕಾಲಿನ ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸಿದಾಗ ಬಂದ ಅನುಪಾತ 0.9ಕ್ಕಿಂತ ಕಡಿಮೆಯಿತ್ತು. ಕಾಲಿಗೆ ಇಳಿಯುವ ರಕ್ತವೇ ಕಡಿಮೆಯಿರುವಾಗ ಹೊರಗಿನಿಂದ ಬಿಗಿದರೆ ಕೆಡುಕಾಗುತ್ತದೆಂದು ಚೀಲವನ್ನು ಬೇಡವೆಂದರು. ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದಾಗ ಎರಡು ಕಡೆ ಅವಳಿಗೆ ಸ್ಪರ್ಶವೇ ತಿಳಿಯಲಿಲ್ಲ. ಹದಿನೆಂಟು ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಇದನ್ನು ನಾವು ಒಮ್ಮೆಯೂ ಪರೀಕ್ಷಿಸಿಕೊಂಡಿರಲಿಲ್ಲ.

ಹೀಗಾಗಿ ಅವಳಿಗೆ ಅದೇ ಅಂಗಡಿಯಲ್ಲಿ ಎಂಸಿಆರ್ ಚಪ್ಪಲಿ ಕೊಂಡೆವು. ಸೂಕ್ಷ್ಮ ರಂಧ್ರಗಳ ಈ ಮೆತ್ತನೆಯ ರಬ್ಬರಿನ ಚಪ್ಪಲಿ ನಮ್ಮಲ್ಲಿ ಬಳಕೆಗೆ ಬಂದದ್ದು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ರಕ್ಷಣೆಗಾಗಿ, ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರ ಬಳಗ ಮಾಡಿದ ಆ ಕೆಲಸದ ಪ್ರಯೋಜನವನ್ನು ಇಂದು ಸಕ್ಕರೆ ಕಾಯಿಲೆಯವರು ಪಡೆಯುತ್ತಿದ್ದಾರೆ. ಇದರ ಅಳತೆಗೆ ಮಾತ್ರ ಸಂಜೆಯೇ ಬರಬೇಕು, ಪಾದ ದಿನದಲ್ಲಿ ಅತಿ ದೊಡ್ಡದಾಗಿರುವುದು ಆಗಲೇ. ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಾಗ ಅವಳ ಪಾದ ಹಳೆಯ ಚಪ್ಪಲಿಗಿಂತ ಅರ್ಧ ಬೆರಳಷ್ಟು ಅಗಲವಿತ್ತು. ವಯಸ್ಸಾದಂತೆ ಕಟ್ಟುಗಳು ಸಡಿಲಗೊಂಡು ಪಾದ ಹರಡುತ್ತದೆ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ. ನಾವೋ ಮದುವೆಯಲ್ಲಿ ಕೊಂಡ ನಂಬರನ್ನೇ ಹೇಳುತ್ತ ಬಂದಿದ್ದೆವು. ಬೆರಳ ಸಂದಿಯ ಪಟ್ಟಿಯಿಲ್ಲದ, ಹಿಂದೆಯೂ ಪಟ್ಟಿಯಿರುವ ಮಾದರಿಯನ್ನೇ ಆರಿಸಬೇಕು, ಏಕೆಂದರೆ ಸ್ಪರ್ಶವಿಲ್ಲದ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದದ್ದೇ ತಿಳಿಯುವುದಿಲ್ಲ. ನೋಡಲು ಚೆನ್ನಾಗಿಲ್ಲ ಎಂದು ಅವಳ ದೂರು; ಅದು ನಿಜ.

ಹಿಮ್ಮಡಿಯ ಬಿರುಕಿಗೆ ಯೂರಿಯಾ ಇರುವ ಮುಲಾಮನ್ನೂ ಅಲ್ಲಿಯೇ ಕೊಂಡೆ. ವಿಮಾನದೊಳಗಿನ ಒಣ ಗಾಳಿಗೆ ಅದು ಒಳ್ಳೆಯದೇ, ಆದರೆ ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ಹಸಿ ನಿಂತು ಚರ್ಮ ಕೊಳೆಯುತ್ತದೆ.

ಕೊರತೆಗಳೂ ಇವೆ. ಮೊಣಕಾಲಿನ ಪಟ್ಟಿ, ಊರುಗೋಲು ಮಾರುವ ಈ ಅಂಗಡಿಗೆ ಎತ್ತರದ ಮೂರು ಮೆಟ್ಟಿಲುಗಳಿದ್ದು, ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಕೂತು ಹಾಕಿ ನೋಡಲು ಇರುವುದು ಒಂದೇ ಸ್ಟೂಲು. ಪೊಟ್ಟಣ ಒಡೆದ ಚೀಲವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ನನ್ನ ಅಳತೆಯ ಜೊತೆ ದಾಸ್ತಾನಿನಲ್ಲಿ ಇಲ್ಲದೆ ಬೆಂಗಳೂರಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು, ಆದ್ದರಿಂದ ಪ್ರಯಾಣಕ್ಕೆ ಹತ್ತು ದಿನಗಳಾದರೂ ಮೊದಲೇ ಹೋಗುವುದು ಒಳ್ಳೆಯದು. ಭಾನುವಾರ ಅಂಗಡಿ ತೆರೆಯುವುದಿಲ್ಲ.