ಅಮೆರಿಕ ಕಸ್ಟಮ್ಸ್‌ನ ‘ಕ್ರಾಸ್’: ಮಸಾಲೆಪುಡಿಯ ಸುಂಕಸಂಖ್ಯೆ ಹುಡುಕುವವರಿಗೆ ಎಷ್ಟು ಉಪಯೋಗ?

ಸಾಂಬಾರ್ ಪುಡಿ, ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಗೊಜ್ಜು ಮುಂತಾದವನ್ನು ಹೊರದೇಶಕ್ಕೆ ಕಳುಹಿಸುವ ಸಂಸ್ಥೆಗಳ ಕಾಗದಪತ್ರ ನೋಡಿಕೊಳ್ಳುವವರು ದರ ವಿಚಾರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಸರಕಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸುಂಕಸಂಖ್ಯೆ, ಯಾವುದು? ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆ, ಅಂದರೆ ಸಿಬಿಪಿ, 1989ರಿಂದ ಈಚೆಗೆ ತಾನು ಕೊಟ್ಟ ರೂಲಿಂಗ್‌ಗಳನ್ನು, ಅಂದರೆ ಸರಕು ಯಾವ ಸಂಖ್ಯೆಗೆ ಸೇರುತ್ತದೆ ಮುಂತಾದ ಪ್ರಶ್ನೆಗಳಿಗೆ ಕೊಟ್ಟ ಲಿಖಿತ ತೀರ್ಮಾನಗಳನ್ನು, ‘ಕ್ರಾಸ್’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಇದಕ್ಕೆ ಶುಲ್ಕವಿಲ್ಲ, ಖಾತೆ ತೆರೆಯುವ ಗೋಜೂ ಇಲ್ಲ. ಈ ಕೆಲಸದಲ್ಲಿರುವವನಾಗಿ ಬಹುಕಾಲದಿಂದ ಇದನ್ನು ಬಳಸುತ್ತ ಬಂದಿದ್ದೇನೆ. ಮಸಾಲೆ ಮಿಶ್ರಣಗಳ ಮಟ್ಟಿಗೆ ಈ ಸೇವೆ ಎಷ್ಟು ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಇಂಥದ್ದೊಂದು ಸೇವೆ ಏಕೆ ಬೇಕೆಂದು ತಿಳಿಯಲು ನಮ್ಮ ಸಾಂಬಾರ್ ಪುಡಿಯೊಂದೇ ಸಾಕು. ಒಣಮೆಣಸಿನಕಾಯಿ ಮತ್ತು ಕಾಳುಮೆಣಸು 0904ಕ್ಕೆ, ಕೊತ್ತಂಬರಿ ಬೀಜ ಮತ್ತು ಜೀರಿಗೆ 0909ಕ್ಕೆ, ಅರಿಶಿನ ಮತ್ತು ಮೆಂತ್ಯ 0910ಕ್ಕೆ, ಬೇಳೆಗಳು 0713ಕ್ಕೆ, ಇಂಗು 1301ಕ್ಕೆ ಸೇರುತ್ತವೆ. ಈ ನಾಲ್ಕಂಕಿಯ ಸಂಖ್ಯೆಗೆ ಶೀರ್ಷಿಕೆ ಎಂದು ಹೆಸರು, ಅದರ ಮೊದಲೆರಡು ಅಂಕಿ ಅಧ್ಯಾಯದ ಸಂಖ್ಯೆ. ಇವೆಲ್ಲ ಒಂದೇ ಪೊಟ್ಟಣದಲ್ಲಿ ಬೆರೆತಾಗ ಏನಾಗುತ್ತದೆ ಎಂಬುದನ್ನು ಒಂಬತ್ತನೆಯ ಅಧ್ಯಾಯದ ಮೊದಲ ಟಿಪ್ಪಣಿ ಹೇಳುತ್ತದೆ. ಒಂದೇ ಶೀರ್ಷಿಕೆಯ ಮಸಾಲೆಗಳ ಮಿಶ್ರಣ ಅದೇ ಶೀರ್ಷಿಕೆಯಲ್ಲಿ ಉಳಿಯುತ್ತದೆ. ಬೇರೆ ಬೇರೆ ಶೀರ್ಷಿಕೆಗಳ ಮಸಾಲೆಗಳು ಬೆರೆತರೆ 0910ಕ್ಕೆ ಹೋಗುತ್ತವೆ. ಮಸಾಲೆಯಲ್ಲದ ಪದಾರ್ಥಗಳನ್ನು ಸೇರಿಸಿದ ಮೇಲೂ ಮಿಶ್ರಣವು ಮಸಾಲೆಯ ಮೂಲ ಲಕ್ಷಣವನ್ನು ಉಳಿಸಿಕೊಂಡಿದ್ದರೆ ಅಲ್ಲಿಯೇ ಇರುತ್ತದೆ, ಉಳಿಸಿಕೊಳ್ಳದೆ ಮಿಶ್ರ ವ್ಯಂಜನವಾಗಿ (ರುಚಿಗೆ ಬೆರೆಸುವ ಸಿದ್ಧ ಮಿಶ್ರಣವಾಗಿ) ಮಾರ್ಪಟ್ಟಿದ್ದರೆ 2103ಕ್ಕೆ ಜಾರುತ್ತದೆ. ‘ಮೂಲ ಲಕ್ಷಣ’ ಎಷ್ಟು ಉಪ್ಪಿಗೆ, ಎಷ್ಟು ಬೇಳೆಹಿಟ್ಟಿಗೆ, ಎಷ್ಟು ಸಕ್ಕರೆಗೆ ಕಳೆದುಹೋಗುತ್ತದೆ ಎಂಬ ಅಳತೆ ಮಾತ್ರ ಟಿಪ್ಪಣಿಯಲ್ಲಿ ಇಲ್ಲ. ಅಮೆರಿಕದ ಸುಂಕಪಟ್ಟಿಯಲ್ಲಿ 0910.91ರ ಸಾಮಾನ್ಯ ದರ ಶೇ 1.9, ಮಿಶ್ರ ವ್ಯಂಜನಗಳ 2103.90.80ರ ದರ ಶೇ 6.4. ಆಗಾಗ ಹೇರುವ, ಆಗಾಗ ಬದಲಾಗುವ ಹೆಚ್ಚುವರಿ ಸುಂಕಗಳ ಲೆಕ್ಕ ಇದಕ್ಕೆ ಹೊರತಾದದ್ದು. ಅಭಿವೃದ್ಧಿಶೀಲ ದೇಶಗಳಿಗೆಂದು ಅಮೆರಿಕ ಕೊಡುತ್ತಿದ್ದ ಜಿಎಸ್‌ಪಿ ಸುಂಕ ರಿಯಾಯಿತಿಯೂ ಭಾರತಕ್ಕೆ 2019ರ ಜೂನ್ 5ರಂದು ನಿಂತುಹೋಯಿತಾದ್ದರಿಂದ, ಮಸಾಲೆಯವರಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ಸಣ್ಣದಲ್ಲ.

ಕ್ರಾಸ್‌ನ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಟಿಪ್ಪಣಿ ಬಿಟ್ಟ ಅಳತೆಯನ್ನು ಅಧಿಕಾರಿಗಳು ಒಂದೊಂದೇ ಸರಕಿನ ಮೇಲೆ ಹೇಗೆ ತೀರ್ಮಾನಿಸಿದ್ದಾರೆ ಎಂಬುದನ್ನು ಓದಿಯೇ ತಿಳಿಯಬೇಕು, ಮತ್ತು ಓದಲು ಬೇಕಾದಷ್ಟು ಅಲ್ಲಿದೆ. ನ್ಯೂಯಾರ್ಕ್ ಕಚೇರಿಯ ರೂಲಿಂಗ್ ಸಾಮಾನ್ಯವಾಗಿ ಒಂದೆರಡು ಪುಟದ ಪತ್ರ. ಮೇಲ್ಗಡೆ ಸರಕಿನ ಹೆಸರು ಮತ್ತು ದೇಶ. ನಂತರದ ಪರಿಚ್ಛೇದದಲ್ಲಿ ಪದಾರ್ಥಗಳ ಪಟ್ಟಿ, ಎಷ್ಟೋ ಸಲ ಶೇಕಡಾವಾರು ಸಮೇತ. ಪೊಟ್ಟಣದ ತೂಕ, ಬಳಸುವ ಬಗೆ. ಬಳಿಕ ಅನ್ವಯಿಸುವ ಉಪಶೀರ್ಷಿಕೆ ಮತ್ತು ದರ. ಅದರ ಕೆಳಗೆ ದರಗಳು ಬದಲಾಗಬಹುದೆಂಬ ಎಚ್ಚರಿಕೆ, ಆಹಾರ ಸರಕಾದರೆ 2002ರ ಜೈವಿಕ ಭಯೋತ್ಪಾದನೆ ತಡೆ ಕಾಯ್ದೆಯಡಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಗೆ ಮುಂಚಿತ ಸೂಚನೆ ಕೊಡಬೇಕೆಂಬ ನೆನಪಿನೋಲೆ. ಹೀಗೆ ಹತ್ತಾರು ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ, ಉಪ್ಪು, ಸಕ್ಕರೆ, ಹಿಟ್ಟು, ಈಸ್ಟ್ ಸಾರ, ಒಣಗಿಸಿದ ಈರುಳ್ಳಿ ಇವುಗಳ ಪಾಲು ಏರುತ್ತ ಹೋದಂತೆ ಮಿಶ್ರಣ ಒಂಬತ್ತನೆಯ ಅಧ್ಯಾಯದಿಂದ ಇಪ್ಪತ್ತೊಂದನೆಯದಕ್ಕೆ ಸರಿಯುವ ಬಗೆ ಸ್ಪಷ್ಟವಾಗುತ್ತದೆ. ಯಾವ ತರಬೇತಿಯಲ್ಲೂ ಇಷ್ಟು ಚೆನ್ನಾಗಿ ಇದನ್ನು ಹೇಳಿಕೊಡುವುದನ್ನು ನಾನು ಕಂಡಿಲ್ಲ.

ಬೆಲ್ಲ ಸೇರಿಸಿದ ಪುಳಿಯೋಗರೆ ಪುಡಿಯ ವಿಷಯ ಇನ್ನೂ ಸೂಕ್ಷ್ಮ. ಕಬ್ಬಿನ ಅಥವಾ ಬೀಟ್‌ನ ಸಕ್ಕರೆ ಒಣತೂಕದ ಶೇ 10ನ್ನು ಮೀರಿತೆಂದರೆ ಅಮೆರಿಕದ ಪಟ್ಟಿಯಲ್ಲಿ ಕೋಟಾದ, ಅಂದರೆ ಕಡಿಮೆ ಸುಂಕದಲ್ಲಿ ಬರಬಹುದಾದ ನಿಗದಿತ ಪ್ರಮಾಣದ, ಪ್ರಶ್ನೆ ಏಳುತ್ತದೆ. ಕೋಟಾ ಮೀರಿದ ಸಾಲಿನಲ್ಲಿ ಶೇ 6.4ರ ಜತೆಗೆ ಕಿಲೋಗೆ 30.5 ಸೆಂಟ್ ಕಟ್ಟಬೇಕು. ಆದರೆ ಸರಕು ಅಂಗಡಿಯಲ್ಲಿ ಮಾರಾಟವಾಗುವ ಅದೇ ರೂಪದಲ್ಲಿ, ಅದೇ ಪೊಟ್ಟಣದಲ್ಲಿ ಬಂದಿದೆಯೇ, ಅಥವಾ ದೊಡ್ಡ ಚೀಲದಲ್ಲಿ ಬಂದು ಅಲ್ಲಿ ಮತ್ತೆ ಬೆರೆಯಲಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಪಾಕವಿಧಾನ ಒಂದೇ ಆಗಿದ್ದರೂ 200 ಗ್ರಾಂ ಪೊಟ್ಟಣಕ್ಕೂ 25 ಕಿಲೋ ಚೀಲಕ್ಕೂ ಸುಂಕ ಬೇರೆಯಾಗಬಹುದು. ರೂಲಿಂಗ್‌ಗಳಲ್ಲಿ ಪೊಟ್ಟಣದ ವಿವರ ಓದದೆ ಕೊನೆಯ ಸಂಖ್ಯೆಯನ್ನಷ್ಟೇ ನಕಲು ಮಾಡಿಕೊಳ್ಳುವವರು ಎಡವುವುದು ಇಲ್ಲಿಯೇ.

ವ್ಯಾಪಾರ ಒಪ್ಪಂದಗಳ ದೃಷ್ಟಿಯಿಂದಲೂ ಈ ಕಡತ ಉಪಯುಕ್ತ, ಆದರೆ ಎಚ್ಚರದಿಂದ ಬಳಸಬೇಕು. ಭಾರತದಿಂದ ಹೋದ ಮಸಾಲೆಗಳನ್ನು ಕೆನಡಾದಲ್ಲಿ ಬೆರೆಸಿ, ಪೊಟ್ಟಣ ಕಟ್ಟಿ, ಗಡಿ ದಾಟಿಸುವುದು ಅಲ್ಲಿನ ಭಾರತೀಯ ದಿನಸಿ ವ್ಯಾಪಾರದಲ್ಲಿ ಹೊಸದೇನಲ್ಲ. ಅಂಥ ಸರಕಿಗೆ ಒಪ್ಪಂದದ ರಿಯಾಯಿತಿ ಸಿಗಬೇಕಾದರೆ ಅದು ಕೆನಡಾ ಮೂಲದ್ದೆಂದು ತೋರಬೇಕು, ಮತ್ತು ಮೂಲನಿಯಮ ನಿಂತಿರುವುದು ಸುಂಕಸಂಖ್ಯೆಯ ಬದಲಾವಣೆಯ ಮೇಲೆ. ಅಮೆರಿಕ, ಕೆನಡಾ, ಮೆಕ್ಸಿಕೊಗಳ ಹಳೆಯ ಒಪ್ಪಂದವಾದ ನಾಫ್ಟಾದಲ್ಲಿ 2103.90ಕ್ಕೆ ಬೇರೆ ಶೀರ್ಷಿಕೆಯಿಂದ ಬಂದ ಪದಾರ್ಥಗಳಾದರೆ ಸಾಕಿತ್ತು. ಹೀಗಾಗಿ ಒಂಬತ್ತನೆಯ ಅಧ್ಯಾಯದ ಭಾರತೀಯ ಮಸಾಲೆ ಅಲ್ಲಿ ಉಪ್ಪು, ಹಿಟ್ಟುಗಳೊಂದಿಗೆ ಸೇರಿ ಮಿಶ್ರ ವ್ಯಂಜನವಾದರೆ ನಿಯಮ ಪೂರೈಸುತ್ತಿತ್ತು. ಬರಿಯ ಮಸಾಲೆಗಳನ್ನೇ ಬೆರೆಸಿದರೆ ಅದು ಒಂಬತ್ತನೆಯ ಅಧ್ಯಾಯದೊಳಗೇ ಉಳಿಯುವುದರಿಂದ, ಅಧ್ಯಾಯ ಬದಲಾಗಬೇಕೆಂಬ ನಿಯಮವಿರುವ ಕಡೆ ಅದು ಸಾಲದು. ಸಾಮಾನ್ಯ ದರ ಹೆಚ್ಚಿರುವ 2103ಕ್ಕೆ ಸೇರುವುದೇ ಕೆಲವೊಮ್ಮೆ ಲಾಭ ಎಂಬ ಈ ವಿಚಿತ್ರ ಅರ್ಥವಾಗಲು ಒಪ್ಪಂದದ ಪಠ್ಯವೊಂದನ್ನೇ ಓದಿದರೆ ಸಾಲದು; ಕೆನಡಾದ ಮಿಶ್ರಣಗಳ ಹಳೆಯ ರೂಲಿಂಗ್‌ಗಳನ್ನೂ ಓದಬೇಕು. ಆದರೆ 2020ರ ಜುಲೈ 1ರಿಂದ ನಾಫ್ಟಾದ ಜಾಗಕ್ಕೆ ಅದೇ ಮೂರು ದೇಶಗಳ ಹೊಸ ಒಪ್ಪಂದ ಯುಎಸ್‌ಎಂಸಿಎ ಬಂದಿದೆ. ಹಳೆಯ ಪತ್ರಗಳು ಕಡತದಲ್ಲಿ ಹಾಗೆಯೇ ಇವೆ, ಅವುಗಳಲ್ಲಿನ ಸಂಖ್ಯೆ ಇಂದಿಗೂ ಸರಿಯಿರಬಹುದು, ರಿಯಾಯಿತಿಯ ಮಾತು ಮಾತ್ರ ಹಳೆಯ ಒಪ್ಪಂದದ್ದು.

ಇನ್ನು ಕೊರತೆಗಳು. ಹುಡುಕಾಟ ಅಕ್ಷರಕ್ಕೆ ಅಕ್ಷರ ಹೊಂದಿಸುವಂಥದ್ದು. ನಮ್ಮ ತಿನಿಸುಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಹೆಸರು ಕೊಟ್ಟು ಹುಡುಕುವುದಕ್ಕಿಂತ ಸುಂಕಸಂಖ್ಯೆಯಿಂದಲೋ, ‘ಸೀಸನಿಂಗ್’, ‘ಸ್ಪೈಸ್ ಬ್ಲೆಂಡ್’ ಎಂಬ ಅಧಿಕಾರಿಗಳ ಮಾತಿನಿಂದಲೋ ಹುಡುಕುವುದು ಮೇಲು. ರದ್ದಾದ ಅಥವಾ ತಿದ್ದಲ್ಪಟ್ಟ ರೂಲಿಂಗ್‌ಗಳಿಗೆ ಗುರುತು ಹಾಕಿರುತ್ತಾರೆ, ಆದರೆ ಪುಟವನ್ನು ಮುದ್ರಿಸಿ ಕೈಯಿಂದ ಕೈಗೆ ದಾಟಿಸುವ ನಮ್ಮ ಕಚೇರಿಗಳ ಅಭ್ಯಾಸದಲ್ಲಿ ಆ ಗುರುತು ಕಳೆದುಹೋಗುತ್ತದೆ. ವ್ಯಾಪಾರ ಗುಟ್ಟೆಂದು ಅರ್ಜಿದಾರರು ಕೋರಿದ ಶೇಕಡಾವಾರು ವಿವರಗಳನ್ನು ಅಳಿಸಿರುವ ಪತ್ರಗಳೂ ಇವೆ. ಅವು ಕಲಿಯುವವರಿಗೆ ನಿಷ್ಪ್ರಯೋಜಕ. ಎರಡು ಪತ್ರಗಳು ಒಂದಕ್ಕೊಂದು ವಿರುದ್ಧವಾಗಿ ಕಂಡಾಗ ನ್ಯೂಯಾರ್ಕ್‌ನ ಪತ್ರಕ್ಕಿಂತ ವಾಷಿಂಗ್ಟನ್ ಕೇಂದ್ರ ಕಚೇರಿಯ ರೂಲಿಂಗ್ ಹುಡುಕುವುದು ಒಳ್ಳೆಯದು. ಅವು ಉದ್ದ, ಆದರೆ ಕಾರಣಗಳನ್ನು ಬಿಡಿಸಿ ಹೇಳುತ್ತವೆ.

ಆಮದುದಾರರಿಗೂ ಇದರಿಂದ ಪ್ರಯೋಜನವಿದೆಯೇ ಎಂದು ಬೆಂಗಳೂರಿನಲ್ಲಿ ಕೊರಿಯಾದ, ಥಾಯ್ಲೆಂಡ್‌ನ ಸಾಸ್ ತರಿಸುವವರು ಕೇಳುತ್ತಾರೆ. ಮೊದಲ ಆರು ಅಂಕಿಗಳು ಬಹುತೇಕ ಎಲ್ಲ ದೇಶಗಳಿಗೂ ಒಂದೇ ಆದ್ದರಿಂದ ವಾದಕ್ಕೆ ಬಲ ಸಿಗುತ್ತದೆ. ಆದರೆ ಅಮೆರಿಕದ ರೂಲಿಂಗ್ ಭಾರತದ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ, ಆರಂಕಿಯ ಆಚೆಗಿನ ಭಾಗ ಪೂರ್ತಿ ನಮ್ಮದೇ. ಥಾಯ್ಲೆಂಡ್ ಸೇರಿದ ಆಸಿಯಾನ್ ದೇಶಗಳೊಂದಿಗೆ ಭಾರತದ ಒಪ್ಪಂದದ ಸಾಮಾನ್ಯ ನಿಯಮವು ಸರಕಿನ ಬೆಲೆಯಲ್ಲಿ ಕನಿಷ್ಠ ಶೇ 35 ಒಪ್ಪಂದದ ದೇಶಗಳದ್ದಾಗಿರಬೇಕೆನ್ನುವುದರ ಜತೆಗೆ ಆರಂಕಿ ಮಟ್ಟದ ಸಂಖ್ಯೆಯ ಬದಲಾವಣೆಯನ್ನೂ ಬೇಡುತ್ತದೆ. ಹೊರಗಿನಿಂದ ತಂದ 2103.90ರ ಪೇಸ್ಟನ್ನು ತೆಳುಮಾಡಿ ಅದೇ 2103.90ರ ಸಾಸ್ ಮಾಡಿದರೆ ಆ ಬದಲಾವಣೆ ಆಗಿರುವುದಿಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ, ಒಪ್ಪಂದದ ರಿಯಾಯಿತಿ ಕೇಳುವವರು ಸರಕಿನ ಮೂಲದೇಶ ತೋರಿಸಬೇಕೆನ್ನುವ ಭಾರತದ ಕರೋಟಾರ್ ನಿಯಮಗಳಂತೆ ಮೂಲದ ಪ್ರಮಾಣಪತ್ರವೊಂದೇ ಸಾಲದು, ಇಂಥ ವಿವರಗಳು ಆಮದುದಾರನ ಕೈಯಲ್ಲಿಯೇ ಇರಬೇಕು. ಖಚಿತ ಉತ್ತರ ಬೇಕೆನ್ನುವವರಿಗೆ ದೆಹಲಿ ಮತ್ತು ಮುಂಬಯಿಯ ಮುಂಗಡ ತೀರ್ಪು ಪ್ರಾಧಿಕಾರವಿದೆ: ಶುಲ್ಕ 10,000 ರೂಪಾಯಿ, ಕಾಯ್ದೆ ಹೇಳುವ ಅವಧಿ ಮೂರು ತಿಂಗಳು, ತೀರ್ಪು ಬದ್ಧವಾಗುವುದು ಅರ್ಜಿದಾರನ ವಿಷಯದಲ್ಲಿ ಮಾತ್ರ.

ಅದೇ ಅಮೆರಿಕದಲ್ಲಿ ರೂಲಿಂಗ್ ಕೋರಲು ಶುಲ್ಕವಿಲ್ಲ, ಅರ್ಜಿಯನ್ನು ಆನ್‌ಲೈನಿನಲ್ಲಿಯೇ ಹಾಕಬಹುದು, ನ್ಯೂಯಾರ್ಕ್ ಕಚೇರಿ ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ಉತ್ತರಿಸುತ್ತದೆ. ಆದ್ದರಿಂದ ಕ್ರಾಸ್‌ಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನಾದರೂ, ಬೇರೆಯವರ ಪತ್ರ ತೋರಿಸಿ ಕಂಟೇನರ್ ಬಿಡಿಸಿಕೊಳ್ಳುವ ಆಲೋಚನೆಯನ್ನು ಯಾರಿಗೂ ಹೇಳಲಾರೆ. ಅಲ್ಲಿ ಹೋಲುವ ಐದಾರು ಮಿಶ್ರಣಗಳನ್ನು ಓದಿ, ಅವರು ಯಾವ ವಿವರ ಕೇಳುತ್ತಾರೆಂದು ತಿಳಿದು, ಸ್ವಂತ ಪುಡಿಯ ಪ್ರತಿಯೊಂದು ಪದಾರ್ಥದ ಶೇಕಡಾವಾರು, ಪೊಟ್ಟಣದ ತೂಕ, ಬೆರೆಸಿದ ದೇಶ ಎಲ್ಲವನ್ನೂ ಬರೆದು ಅಲ್ಲಿನ ಆಮದುದಾರರ ಮೂಲಕ ಸ್ವಂತ ರೂಲಿಂಗ್ ಪಡೆಯಿರಿ. ಪ್ರತಿ ಸರಕಿನ ಎಂಟ್ರಿ ಕಾಗದಗಳ ಜತೆ ಆ ರೂಲಿಂಗ್‌ನ ಪ್ರತಿಯನ್ನೋ ಸಂಖ್ಯೆಯನ್ನೋ ಕೊಡಬೇಕೆಂದು ಪತ್ರದಲ್ಲಿಯೇ ಬರೆದಿರುತ್ತದೆ.