ಸೂಂಟೋ ಎಂಸಿ-2 ಗ್ಲೋಬಲ್ ಕಂಪಾಸ್: ಬಂಡೆ ಅಳೆಯುವವರಿಗೆ ಇದು ಸಾಕಾ?

ಚಿತ್ರದುರ್ಗದಲ್ಲಿ ಡಿಗ್ರಿ ಮಕ್ಕಳಿಗೆ ಭೂವಿಜ್ಞಾನ ಹೇಳಿಕೊಡುವವಳು ನಾನು. ಫೀಲ್ಡ್ ವರ್ಕ್ ಹತ್ತಿರ ಬಂತೆಂದರೆ ಹುಡುಗರದ್ದು ಒಂದೇ ಪ್ರಶ್ನೆ: "ಮೇಡಂ, ಯಾವ ಕಂಪಾಸ್ ತಗೊಳ್ಳಲಿ?" ಪ್ರತಿ ವರ್ಷ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇಬಿಡುತ್ತೇನೆ.

ನಾನು ಬಳಸುವುದು ಸೂಂಟೋ ಎಂಸಿ-2. ಫಿನ್ಲೆಂಡಿನ ಕಂಪನಿ. ಅಂಗೈಯಷ್ಟು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ತಿರುಗುವ ಡಯಲ್, ಮುಚ್ಚಳದ ಒಳಗೆ ಕನ್ನಡಿ. ಡಯಲಿನ ಒಳಗೆ ದ್ರವ ತುಂಬಿದೆ, ಹಾಗಾಗಿ ಮುಳ್ಳು ಹೆಚ್ಚು ಕುಣಿಯದೆ ಬೇಗ ನಿಲ್ಲುತ್ತದೆ. ಬೆಲೆ ಐದು ಸಾವಿರ ದಾಟುತ್ತದೆ. ಜಾಸ್ತಿ ಅಲ್ವಾ? ಜಾಸ್ತಿನೇ. ಆದರೂ ಕೊಳ್ಳಿ ಅನ್ನುತ್ತೇನೆ, ಒಂದು ಷರತ್ತಿನ ಮೇಲೆ: ಡಬ್ಬದ ಮೇಲೆ 'ಗ್ಲೋಬಲ್' ಅಂತ ಇರಬೇಕು.

ಯಾಕೆ ಅಂತೀರಾ? ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ನೆಲಕ್ಕೆ ಸಮನಾಗಿ ಹರಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಅದು 65 ಡಿಗ್ರಿಗೂ ಹೆಚ್ಚು ಕೆಳಮುಖವಾಗಿದೆ. ಸುಮ್ನೆ ಬಿಟ್ಟರೆ ಮುಳ್ಳಿನ ಉತ್ತರದ ತುದಿ ನೆಲ ನೋಡುತ್ತದೆ. ಅದಕ್ಕೇ ಆ ಕಡೆಗೆ ಮಾಡಿದ ಕಂಪಾಸುಗಳಲ್ಲಿ ದಕ್ಷಿಣದ ತುದಿಗೆ ತೂಕ ಕೊಟ್ಟಿರುತ್ತಾರೆ. ನಮ್ಮಲ್ಲಿ ಈ ಬಾಗು 20 ಡಿಗ್ರಿಯೊಳಗೇ ಇದೆ. ಇನ್ನೂ ಕೆಳಗೆ, ತಿರುವನಂತಪುರದ ಪಕ್ಕದ 'ತುಂಬಾ' ಅನ್ನುವ ಊರಿನ ಹತ್ತಿರ ಅದು ಸೊನ್ನೆಗೆ ಬರುತ್ತದೆ. ಕಾಂತೀಯ ಸಮಭಾಜಕ ಅಲ್ಲೇ ಹಾದುಹೋಗುತ್ತದೆ ಅನ್ನುವ ಕಾರಣಕ್ಕೇ 1963ರಲ್ಲಿ ನಮ್ಮ ನೆಲದ ಮೊದಲ ಸಂಶೋಧನಾ ರಾಕೆಟ್ ಅಲ್ಲಿಂದ ಹಾರಿತು. ಈಗ ಯುರೋಪಿಗೆ ತೂಗಿದ ಕಂಪಾಸನ್ನು ಚಿತ್ರದುರ್ಗಕ್ಕೆ ತಂದರೆ ಏನಾಗುತ್ತದೆ ನೋಡಿ: ತೂಕ ಹೆಚ್ಚಾಗಿ ದಕ್ಷಿಣದ ತುದಿ ಕುಸಿಯುತ್ತದೆ. ಮುಳ್ಳು ಡಯಲಿನ ತಳಕ್ಕೆ ಉಜ್ಜುತ್ತದೆ. ಕೈ ಸ್ವಲ್ಪ ಓರೆಯಾದರೂ ಹೊಟ್ಟೆ ತುಂಬಿದ ಎಮ್ಮೆ ಏಳುವ ಹಾಗೆ ನಿಧಾನಕ್ಕೆ ತಿರುಗಿ, ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ.

ಗ್ಲೋಬಲ್ ಮಾದರಿಯಲ್ಲಿ ಮುಳ್ಳು ಬೇರೆ, ಅಯಸ್ಕಾಂತ ಬೇರೆ. ಬಾಗಿನ ಎಳೆತ ಮುಳ್ಳಿಗೆ ತಾಗುವುದಿಲ್ಲ. 20 ಡಿಗ್ರಿ ಓರೆ ಹಿಡಿದರೂ ನಡೆಯುತ್ತದೆ ಅಂತ ಕಂಪನಿಯವರೇ ಹೇಳುತ್ತಾರೆ. ಮರಡಿಹಳ್ಳಿಯ ದಿಂಬುಲಾವಾ (ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ) ಬಂಡೆಗಳ ಮೇಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ಅದೇ ಎಂಸಿ-2 ಉತ್ತರಾರ್ಧಗೋಳದ ಮಾದರಿಯಲ್ಲೂ ಬರುತ್ತದೆ, ಬೆಲೆಯೂ ಕಡಿಮೆ. "ನಾವೂ ಉತ್ತರಾರ್ಧಗೋಳದಲ್ಲೇ ಇದೀವಲ್ಲ ಮೇಡಂ" ಅಂತ ಹುಡುಗರು ವಾದಕ್ಕಿಳಿಯುತ್ತಾರೆ. ಇದ್ದೀವಿ ಕಣ್ರಪ್ಪಾ, ಆದರೆ ತೀರಾ ಅಂಚಿನಲ್ಲಿ.

ಇನ್ನು ಅಳತೆಯ ವಿಷಯ. ಸ್ಟ್ರೈಕ್ (ಓರೆ ಪದರದ ಮೇಲಿನ ಸಮಮಟ್ಟದ ಗೆರೆಯ ದಿಕ್ಕು) ತೆಗೆಯಲು ಹಲಗೆಯ ಉದ್ದದ ಅಂಚನ್ನು ಬಂಡೆಯ ಪದರಕ್ಕೆ ಸಮಮಟ್ಟವಾಗಿ ತಾಗಿಸಿ ಡಯಲ್ ತಿರುಗಿಸಿದರೆ ಮುಗೀತು. ಡಿಪ್‌ಗೆ (ಪದರ ಎಷ್ಟು ಡಿಗ್ರಿ ಕೆಳಗೆ ಇಳಿದಿದೆ ಅನ್ನುವುದಕ್ಕೆ) ಡಯಲಿನ ಪೂರ್ವ ಅಥವಾ ಪಶ್ಚಿಮವನ್ನು ಗುರುತಿಗೆ ತಂದು, ಕಂಪಾಸನ್ನು ಅಂಚಿನ ಮೇಲೆ ನಿಲ್ಲಿಸಿ, ಒಳಗೆ ತೂಗಾಡುವ ಕಪ್ಪು ಮುಳ್ಳು ಎಲ್ಲಿ ನಿಂತಿತು ಅಂತ ಓದಿಕೊಳ್ಳಬೇಕು. ಬಂಡೆ ಒರಟಾಗಿದ್ದರೆ ಮೊದಲು ಫೀಲ್ಡ್ ನೋಟ್‌ಬುಕ್ ಇಟ್ಟು ಅದರ ಮೇಲೆ ಕಂಪಾಸ್ ಇಡಿ.

ಡೆಕ್ಲಿನೇಷನ್ ಸರಿ ಮಾಡಲು ಇದರ ಜೊತೆ ಪುಟ್ಟ ಕೀಲಿ ಕೊಡುತ್ತಾರೆ. ನಮಗೆ ಅದರ ಕೆಲಸವೇ ಇಲ್ಲ. ಕರ್ನಾಟಕದಲ್ಲಿ ನಿಜ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ಅಂತರ ಎರಡು ಡಿಗ್ರಿಯೊಳಗೆ. ಡಯಲಿನ ಒಂದು ಗೆರೆಯೇ ಎರಡು ಡಿಗ್ರಿ!

ಫೋನ್ ಆಪ್ ಸಾಲದಾ ಅನ್ನುವವರಿಗೆ: ಒಂದೇ ಬಂಡೆಯ ಮೇಲೆ ನಾಲ್ಕು ಜನರ ಫೋನ್ ಇಟ್ಟು ನೋಡಿ, ಆಮೇಲೆ ಮಾತಾಡೋಣ. ಗಾಳಿಯಲ್ಲಿ ಎಂಟು ಬರೆದು ಸರಿಮಾಡಿಕೊಂಡರೂ ಕವರಿನಲ್ಲಿ ಅಯಸ್ಕಾಂತ ಇದ್ದರೆ ಮತ್ತೆ ಕೆಟ್ಟಿತು. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಹಸಿರು ಬಣ್ಣದ 'ಮಿಲಿಟರಿ' ಕಂಪಾಸೂ ಬೇಡ. ಕಳೆದ ವರ್ಷ ಒಬ್ಬ ಹುಡುಗ ತಂದಿದ್ದ. ಒಳಗೆ ಹೆಸರುಕಾಳಿನಷ್ಟು ಗಾಳಿಗುಳ್ಳೆ, ಮುಳ್ಳು ಅದಕ್ಕೇ ತಾಗಿ ನಿಲ್ಲುತ್ತಿತ್ತು.

ಯಾವುದೇ ಕಂಪಾಸ್ ಕೊಂಡರೂ ಮೊದಲು ಹೀಗೆ ಮಾಡಿ. ಮೇಜಿನ ಮೇಲಿಟ್ಟು ಮುಳ್ಳು ತೋರುವ ಅಂಕಿ ಬರೆದುಕೊಳ್ಳಿ. ಒಂದು ಕಬ್ಬಿಣದ ಬೀಗದ ಕೈಯನ್ನು ಹತ್ತಿರ ತಂದು ಮುಳ್ಳನ್ನು ಕದಲಿಸಿ, ದೂರ ಒಯ್ಯಿರಿ. ಮುಳ್ಳು ಮತ್ತೆ ಅದೇ ಅಂಕಿಗೆ ಬರಬೇಕು. ಎರಡೂ ಕಡೆಯಿಂದ ಕದಲಿಸಿ ನೋಡಿ. ಬರಲಿಲ್ಲವಾ, ವಾಪಸ್ ಕಳಿಸಿ.

ಬೆಲೆ ಎಷ್ಟೇ ಇರಲಿ, ಕೆಲವು ಕಡೆ ಕಂಪಾಸ್ ಕೈಕೊಡುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅಗೆದದ್ದು ಮ್ಯಾಗ್ನಟೈಟ್ ಇರುವ ಕಬ್ಬಿಣದ ಅದಿರು. ಅಂಥ ಬಂಡೆಯ ಪಕ್ಕ ಮುಳ್ಳು ಉತ್ತರವನ್ನು ಬಿಟ್ಟು ಬಂಡೆಯ ಮಾತು ಕೇಳುತ್ತದೆ. ಅನುಮಾನ ಬಂದರೆ ಇಲ್ಲಿಂದ ಆ ಮರಕ್ಕೆ ಬೇರಿಂಗ್ (ದಿಕ್ಕಿನ ಡಿಗ್ರಿ) ತೆಗೆದು, ಮರದ ಬುಡಕ್ಕೆ ಹೋಗಿ ಹಿಂದಕ್ಕೂ ತೆಗೆಯಿರಿ. ಎರಡರ ನಡುವೆ 180 ಡಿಗ್ರಿ ಇರಬೇಕು. ಇಲ್ಲದಿದ್ದರೆ ಎರಡರಲ್ಲಿ ಒಂದು ಕಡೆಯಾದರೂ ಕಬ್ಬಿಣ ಎಳೆಯುತ್ತಿದೆ. ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಕಲಿತವರಿಗೆ ಇದು ಗೊತ್ತು, ಲೋಕಲ್ ಅಟ್ರಾಕ್ಷನ್ ಅಂತಾರೆ. ಹಾಂ, ಕೈಯಲ್ಲಿರುವ ಸುತ್ತಿಗೆಯೂ ಕಬ್ಬಿಣವೇ. ಅದನ್ನು ದೂರ ಇಟ್ಟು ಓದಿ.

ಇಷ್ಟೆಲ್ಲ ಹೊಗಳಿದ ಮೇಲೂ ಎಂಸಿ-2 ಅಂದರೆ ಭೂವಿಜ್ಞಾನಿಗಳ ಬ್ರಂಟನ್ ಕಂಪಾಸ್ ಅಲ್ಲ. ಬ್ರಂಟನ್‌ನಲ್ಲಿ ಮಟ್ಟ ನೋಡಲು ಗುಳ್ಳೆ ಇದೆ, ಮುಳ್ಳಿಗೆ ಸುತ್ತಿದ ತಂತಿಯನ್ನು ಸರಿಸಿ ಊರಿಗೆ ತಕ್ಕಂತೆ ತೂಕ ಹೊಂದಿಸಬಹುದು. ಇದರಲ್ಲಿ ಮಟ್ಟಕ್ಕೆ ನಿಮ್ಮ ಕಣ್ಣೇ ಗತಿ. ಪದರ ಕಡಿದಾಗಿದ್ದರೆ ತೊಂದರೆಯಿಲ್ಲ, ಚಿತ್ರದುರ್ಗದ ಶಿಸ್ಟ್ ಬಂಡೆಗಳಲ್ಲಿ ಹೆಚ್ಚಿನವು ಹಾಗೇ ಇವೆ. ಬಾದಾಮಿ ಕಡೆಯ ಮಲಗಿದಂತಿರುವ ಮರಳುಗಲ್ಲಿಗೆ ಮಾತ್ರ ಇದನ್ನು ನೆಚ್ಚಬೇಡಿ. ಅಲ್ಲಿಗೆ ಡಿಪಾರ್ಟ್‌ಮೆಂಟಿನ ಬ್ರಂಟನ್ ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ತಗೊಂಡು ಹೋಗಿ.